ಅಣ್ಣನ ಪ್ರತಿಮೆ, ತಮ್ಮನ ಕಥೆ

ಅಜರ್‌ಬೈಜಾನಿನ ರಾಜಧಾನಿ ಬಾಕುವಿಗೆ ನಾವು ಹೋಗಿದ್ದು ನಾಲ್ಕು ದಿನದ ಪ್ಯಾಕೇಜ್ ಟೂರ್‌ಗೆ. ಮೂರನೇ ದಿನ ಗುಂಪೆಲ್ಲ ಮಾಲ್‌ಗೆ ಹೊರಟಿತು, ನನ್ನ ಹೆಂಡತಿಯೂ ಸೇರಿ. ನಾನು ಮಾತ್ರ ಜಾರಿಕೊಂಡೆ. ಹಿಂದಿನ ದಿನ ಸುರಖಾನಿಯ ಅಗ್ನಿ ದೇವಸ್ಥಾನದ ಕಲ್ಲಿನ ಮೇಲೆ ‘ಶ್ರೀ ಗಣೇಶಾಯ ನಮಃ’ ನೋಡಿದ ಗುಂಗೇ ಇನ್ನೂ ಇಳಿದಿರಲಿಲ್ಲ, ಅದರ ಮೇಲೆ ಚಪ್ಪಲಿ ಅಂಗಡಿ ಯಾರಿಗೆ ಬೇಕು?

ಗೈಡ್ ಹುಡುಗಿ ಮ್ಯೂಸಿಕ್ ಅಕಾಡೆಮಿ ಮುಂದಿರುವ ಉಜೇಯಿರ್ ಹಾಜಿಬೇಲಿ ಪ್ರತಿಮೆ ನೋಡಿ ಬನ್ನಿ ಅಂದಳು. 1908ರಲ್ಲಿ ಅಜರ್‌ಬೈಜಾನಿನ ಮೊದಲ ಒಪೆರಾ ಮಾಡಿದವನು. ಇವತ್ತಿನ ರಾಷ್ಟ್ರಗೀತೆಯ ರಾಗವೂ ಅವನದ್ದೇ, ಸೋವಿಯತ್ ಕಾಲದ ಗೀತೆಯ ರಾಗವೂ ಅವನದ್ದೇ. ಹೊರಡುವಾಗ ಅವಳು ಇನ್ನೊಂದು ಮಾತು ಸೇರಿಸಿದಳು: "ಅವರಿಗೆ ಜೇಹುನ್ ಅಂತ ಒಬ್ಬ ತಮ್ಮ ಇದ್ದರು, ಪತ್ರಕರ್ತರು. ಪ್ಯಾರಿಸ್‌ಗೆ ಹೋದವರು ವಾಪಸ್ ಬರಲೇ ಇಲ್ಲ."

ಪ್ರತಿಮೆ ನೋಡಿದ್ದು ಐದೇ ನಿಮಿಷ. ಆಮೇಲೆ ತಮ್ಮನ ಕಥೆ ಹಿಡಿದು ಇಸ್ತಿಗ್ಲಾಲಿಯತ್ ಬೀದಿ ಕಡೆ ನಡೆದೆ. ಅಲ್ಲಿ ಹಸ್ತಪ್ರತಿಗಳ ಸಂಸ್ಥೆ ಇರುವ ದೊಡ್ಡ ಕಲ್ಲಿನ ಕಟ್ಟಡ ಮೊದಲು ಹೆಣ್ಣುಮಕ್ಕಳ ಶಾಲೆ. 1918ರ ಡಿಸೆಂಬರ್‌ನಲ್ಲಿ ಆಗಷ್ಟೇ ಸ್ವತಂತ್ರವಾಗಿದ್ದ ಅಜರ್‌ಬೈಜಾನ್ ಗಣರಾಜ್ಯದ ಪಾರ್ಲಿಮೆಂಟ್ ಸೇರಿದ್ದು ಅದರಲ್ಲೇ. ಗಾಳಿ ಎಷ್ಟು ಜೋರಿತ್ತು ಅಂದರೆ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ.

ಜೇಹುನ್ ಹುಟ್ಟಿದ್ದು 1891ರಲ್ಲಿ, ಕರಾಬಾಖ್‌ನ ಶುಶಾದಲ್ಲಿ. ಗಣರಾಜ್ಯದ ‘ಅಜರ್‌ಬೈಜಾನ್’ ಪತ್ರಿಕೆಯ ಸಂಪಾದಕ. 1919ರಲ್ಲಿ ಪ್ಯಾರಿಸ್ ಶಾಂತಿ ಸಮ್ಮೇಳನಕ್ಕೆ ನಿಯೋಗ ಹೊರಟಾಗ ಅವನೂ ಹೊರಟ, ಪತ್ರಿಕೆ ಅಣ್ಣನ ಕೈಗೆ ಬಂತು. ನಿಯೋಗದವರು ವೀಸಾ ಸಿಗದೆ ಇಸ್ತಾಂಬುಲ್‌ನಲ್ಲಿ ತಿಂಗಳುಗಟ್ಟಲೆ ಕಾದರು (ವೀಸಾ ಗೋಳು ಆಗಲೂ ಇತ್ತು ನೋಡಿ). ಕೊನೆಗೆ ಪ್ಯಾರಿಸ್ ಸೇರಿ, ಮೇ 28ಕ್ಕೆ ಅಮೆರಿಕದ ಅಧ್ಯಕ್ಷ ವಿಲ್ಸನ್‌ರನ್ನೂ ಕಂಡರು. ದೇಶ ಸ್ವಾತಂತ್ರ್ಯ ಘೋಷಿಸಿ ಅವತ್ತಿಗೆ ಸರಿಯಾಗಿ ಒಂದು ವರ್ಷ. ಇನ್ನೊಂದು ವರ್ಷ ತುಂಬುವುದರೊಳಗೆ, 1920ರ ಏಪ್ರಿಲ್‌ನಲ್ಲಿ, ರಷ್ಯದ ಬೊಲ್ಶೆವಿಕರ ಕೆಂಪು ಸೇನೆ ಬಾಕುವಿಗೆ ನುಗ್ಗಿತು. ಕಳಿಸಿದ ಸರ್ಕಾರವೇ ಹೋದ ಮೇಲೆ ಹೋದವನು ಯಾರಿಗೆ ವರದಿ ಒಪ್ಪಿಸಬೇಕು? 29 ವಯಸ್ಸಿಗೆ ಜೇಹುನ್ ಫ್ರಾನ್ಸ್‌ನಲ್ಲೇ ಉಳಿದುಬಿಟ್ಟ.

ಅಣ್ಣ ಬಾಕುವಿನಲ್ಲೇ ಉಳಿದ. ಅವನನ್ನು ಅವಕಾಶವಾದಿ ಅನ್ನುವುದು ಸುಲಭ, ನನಗೆ ಹಾಗನ್ನಿಸಲಿಲ್ಲ. ಇವತ್ತಿನ ರಾಷ್ಟ್ರಗೀತೆಯಾಗಿರುವ ಅವನ ರಾಗಕ್ಕೆ ಸಾಹಿತ್ಯ ಬರೆದ ಕವಿ ಅಹ್ಮದ್ ಜವಾದ್‌ನನ್ನು 1937ರಲ್ಲಿ ಗುಂಡಿಟ್ಟು ಕೊಂದರು. ಮರುವರ್ಷ ಉಜೇಯಿರ್‌ಗೆ ಸೋವಿಯತ್ ಒಕ್ಕೂಟದ ದೊಡ್ಡ ಬಿರುದು ಬಂತು. ಪ್ಯಾರಿಸ್‌ನಲ್ಲಿ ಸೋವಿಯತ್ ವಿರುದ್ಧ ಬರೆಯುವ ತಮ್ಮ ಇದ್ದಾನೆ ಅನ್ನುವುದು ಆ ದಿನಗಳಲ್ಲಿ ಮನೆಯೊಳಗೂ ಮೆಲ್ಲಗೆ ಆಡುವ ಮಾತೇ ಅಲ್ವಾ?

ತಮ್ಮ ರಾಜಕೀಯವಷ್ಟೇ ಬರೆದವನಲ್ಲ. 1930ರ ದಶಕದಲ್ಲಿ ಕರಾಬಾಖ್‌ನ ಆಡುಮಾತು, ಜಾನಪದದ ಬಗ್ಗೆ ಫ್ರೆಂಚ್‌ನಲ್ಲಿ ಬರೆದ. ನನ್ನನ್ನು ಜಾಸ್ತಿ ಹಿಡಿದಿದ್ದು ಇದೇ. ಎಷ್ಟೋ ವರ್ಷ ಕಿವಿಗೆ ಬೀಳದ ಊರ ಮಾತನ್ನು ಪ್ಯಾರಿಸ್‌ನಲ್ಲಿ ಕೂತು ಒಂದೊಂದಾಗಿ ನೆನಪು ಮಾಡಿಕೊಂಡು ಬರೆಯುತ್ತಿದ್ದ ಅಂತ ನಾನೇ ಕಲ್ಪಿಸಿಕೊಂಡೆ. 1948ರಲ್ಲಿ ಅಣ್ಣ ತೀರಿಕೊಂಡ. 1962ರಲ್ಲಿ ತಮ್ಮ. ಸಮಾಧಿ ಪ್ಯಾರಿಸ್ ಪಕ್ಕದ ಸೇಂಟ್ ಕ್ಲೂನಲ್ಲಿದೆ.

ಚಳಿ ತಡೆಯಲಾಗದೆ ಚಹಾದಂಗಡಿ ಹೊಕ್ಕೆ. ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟ, ಹಾಲಿಲ್ಲದ ಚಹಾ, ಪಕ್ಕದಲ್ಲಿ ಸಕ್ಕರೆ ಉಂಡೆ. ಚಿಲ್ಲರೆಯಾಗಿ ಬಂದ ಒಂದು ಮನಾತ್ ನೋಟಿನ ಮೇಲೆ ತಾರ್, ಕಮಾಂಚೆ ವಾದ್ಯಗಳ ಚಿತ್ರ. ಅದನ್ನೇ ತಿರುಗಿಸಿ ನೋಡುತ್ತಿದ್ದಾಗ ಶಿವಮೊಗ್ಗದಿಂದ ನಮ್ಮಣ್ಣನ ಫೋನ್.

"ಎಲ್ಲಿದೀಯೋ? ಊಟ ಆಯ್ತಾ?"

"ಚಹಾ ಕುಡೀತಿದೀನಿ ಅಣ್ಣ."

"ಸರಿ ಸರಿ, ರೋಮಿಂಗ್ ದುಡ್ಡು ಸುಮ್ನೆ ಹೋಗುತ್ತೆ, ಇಡು."

ಇಡಬೇಡ, ಇನ್ನೂ ಸ್ವಲ್ಪ ಮಾತಾಡು ಅಂದೆ. ಅವನಿಗೆ ಗಾಬರಿಯಾಗಿ, "ಯಾಕೋ, ಹುಷಾರಿಲ್ವಾ?" ಅಂದ.