ಕಬ್ಬಿನ ಟ್ರೇಲರ್‌ಗಳ ಭಾರ ಮತ್ತು ನಮ್ಮೂರ ರಸ್ತೆ

ಮುಧೋಳ ತಾಲ್ಲೂಕಿನ ನಮ್ಮೂರಿನಿಂದ ಹೆದ್ದಾರಿಗೆ ಕೂಡುವ ರಸ್ತೆ ನಾಲ್ಕು ಕಿಲೋಮೀಟರಿಗಿಂತ ಹೆಚ್ಚಿಲ್ಲ. ಕಳೆದ ಹಂಗಾಮು ಶುರುವಾದ ಎರಡನೇ ವಾರ, ಉಪಕಾಲುವೆಯ ಸಣ್ಣ ಸೇತುವೆಗೆ ಏರುವ ದಿಬ್ಬದ ಬುಡದಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರೊಂದು ನಿಂತಿತ್ತು. ಎರಡು ಡಬ್ಬಿಗಳನ್ನು, ಅಂದರೆ ಟ್ರೇಲರ್‌ಗಳನ್ನು, ಒಟ್ಟಿಗೆ ಎಳೆಯಲು ಎಂಜಿನ್ನಿಗೆ ಆಗದೆ, ಚಾಲಕ ಹಿಂದಿನ ಡಬ್ಬಿಯ ಕೊಂಡಿ ಕಳಚಿ, ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನದನ್ನು ಸೇತುವೆಯಾಚೆ ಬಿಟ್ಟು ಬಂದು, ಆಮೇಲೆ ಇದನ್ನು ಎಳೆದೊಯ್ದ. ಅವನು ಹೋದ ಮೇಲೆ ನಾನು ಅಲ್ಲಿಯೇ ಕುಳಿತು ನೋಡಿದೆ. ಡಬ್ಬಿ ನಿಂತಿದ್ದ ಜಾಗದಲ್ಲಿ ಡಾಂಬರು ನಾದಿದ ಹಿಟ್ಟಿನ ಮೇಲೆ ಹೆಬ್ಬೆರಳು ಒತ್ತಿದಂತೆ ತಗ್ಗಾಗಿ, ಎರಡೂ ಬದಿಗೆ ಉಬ್ಬಿ, ಬೇಸಿಗೆಯ ಎರೆಹೊಲದ ಹಾಗೆ ಬಿರಿದಿತ್ತು. ಆ ಬಿರುಕುಗಳಿಂದ ಕರಿ ಕೆಸರಿನ ನೀರು ಜಿನುಗುತ್ತಿತ್ತು.

ಆ ಕಬ್ಬು ನನ್ನದೇ ಹೊಲದ್ದು. ಮರುದಿನ ಕೈಗೆ ಬಂದ ಕಾಟಾ ಚೀಟಿಯಲ್ಲಿ ನಿವ್ವಳ ತೂಕ 24 ಟನ್ ಎಂದಿತ್ತು.

ನಮ್ಮ ಕಡೆಯ ಗ್ರಾಮೀಣ ರಸ್ತೆಗಳ ರಚನೆ ತೀರ ಸರಳ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗೆ ಸಾಮಾನ್ಯವಾಗಿ 3.75 ಮೀಟರ್ ಅಗಲ. ಕೆಳಗೆ ಗರಸು, ಅದರ ಮೇಲೆ ಖಡಿ, ಎಲ್ಲದರ ಮೇಲೆ ಬಹುತೇಕ ಎರಡು ಸೆಂಟಿಮೀಟರ್ ಡಾಂಬರಿನ ಹೊದಿಕೆ. ಆ ಹೊದಿಕೆ ಭಾರ ಹೊರಲು ಹಾಕಿದ್ದಲ್ಲ, ನೀರು ಇಳಿಯದಂತೆ ಕಾಯಲು ಹಾಕಿದ್ದು. ಭಾರವೆಲ್ಲ ಕೊನೆಗೆ ಹೋಗಿ ಬೀಳುವುದು ಎರೆಮಣ್ಣಿನ ಮೇಲೆ, ಆ ಮಣ್ಣೋ ಒಣಗಿದಾಗ ಕಲ್ಲಿನಂತಿದ್ದು ನೀರು ಕುಡಿದೊಡನೆ ಹಿಗ್ಗಿ ಮೆತ್ತಗಾಗುವಂಥದ್ದು. ಹಿಂಗಾರಿ ಮಳೆಯ ಹಸಿ ಆರುವ ಮುನ್ನವೇ ಕಾರ್ಖಾನೆಗಳು ಕಬ್ಬು ನುರಿಸಲು ಆರಂಭಿಸುತ್ತವೆ. ಕಾಲುವೆಯ ಬಸಿ ನೀರು ಇದ್ದ ಕಡೆಯಂತೂ ಬುಡ ಆರುವುದೇ ಇಲ್ಲ. ರಸ್ತೆ ಅತ್ಯಂತ ದುರ್ಬಲವಾಗಿರುವ ವಾರಗಳಲ್ಲಿಯೇ ಅದರ ಮೇಲೆ ವರ್ಷದ ಅತಿ ದೊಡ್ಡ ಭಾರ ಹರಿಯುತ್ತದೆ.

ಭಾರ ಎರಡು ಪಟ್ಟಾದರೆ ಹಾನಿಯೂ ಎರಡು ಪಟ್ಟಾಗುತ್ತದೆಂದು ನಾನೂ ಬಹಳ ದಿನ ತಿಳಿದಿದ್ದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ತೂಕ ಹೇರಿದ ಲಾರಿಗಳನ್ನು ಹಗಲಿರುಳು ಓಡಿಸಿ ನಡೆಸಿದ ಪರೀಕ್ಷೆಯಲ್ಲಿ ಕಂಡುಬಂದದ್ದು ಬೇರೆ: ಒಂದು ಆಕ್ಸಲ್ಲಿನ, ಅಂದರೆ ಎರಡೂ ಬದಿಯ ಗಾಲಿಗಳನ್ನು ಹಿಡಿದಿರುವ ಅಚ್ಚಿನ, ಭಾರ ಹೆಚ್ಚಿದಂತೆ ಹಾನಿಯು ಸರಿಸುಮಾರು ಆ ಭಾರದ ನಾಲ್ಕನೇ ಘಾತದಷ್ಟು ಬೆಳೆಯುತ್ತದೆ. ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. ನಮ್ಮ ಡಬ್ಬಿಗೆ 12 ಟನ್ ಕಬ್ಬು, ಖಾಲಿ ಡಬ್ಬಿಯ ತೂಕ ಸುಮಾರು 2 ಟನ್ ಎಂದು ಹಿಡಿದರೆ, ಎರಡು ಆಕ್ಸಲ್ಲುಗಳಿಗೆ ತಲಾ 7 ಟನ್ ಬೀಳುತ್ತದೆ. ಆಕ್ಸಲ್ಲಿಗೆ 700 ಕಿಲೊ ಬೀಳುವ ಕಾರಿನ ಜೊತೆ ಹೋಲಿಸಿದರೆ, ಆ ಒಂದು ಆಕ್ಸಲ್ ಹಾಯ್ದುಹೋದದ್ದು ಕಾರಿನ ಆಕ್ಸಲ್ ಹತ್ತು ಸಾವಿರ ಸಲ ಹಾಯ್ದದ್ದಕ್ಕೆ ಸಮ. ಲಾರಿಯ ಹಿಂದಿನ ಆಕ್ಸಲ್ಲಿಗೆ ನಾಲ್ಕು ಟೈರುಗಳಿರುತ್ತವೆ. ನಮ್ಮ ಡಬ್ಬಿಗಳಿಗೆ ಬದಿಗೊಂದರಂತೆ ಎರಡೇ. ರಸ್ತೆ ನಿರ್ಮಾಣದ ಮಾನದಂಡಗಳನ್ನು ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಲೆಕ್ಕದಂತೆ, ಬದಿಗೆ ಒಂದೇ ಟೈರಿರುವ ಆಕ್ಸಲ್ ಸುಮಾರು 6.6 ಟನ್ನಿಗೆ ಮಾಡುವ ಹಾನಿಯನ್ನು ಜೋಡಿ ಟೈರಿನ ಆಕ್ಸಲ್ ಸುಮಾರು 8.2 ಟನ್ನಿಗೆ ಮಾಡುತ್ತದೆ.

ಕಾಯ್ದೆ ಇಲ್ಲವೆಂದು ಯಾರೂ ಹೇಳುವಂತಿಲ್ಲ. ನೋಂದಣಿ ಪತ್ರದಲ್ಲಿರುವ ಒಟ್ಟು ತೂಕ ಮೀರಿ ವಾಹನವನ್ನಾಗಲಿ ಟ್ರೇಲರನ್ನಾಗಲಿ ಓಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 113ನೇ ಕಲಂ ಹೇಳುತ್ತದೆ. 2019ರ ತಿದ್ದುಪಡಿಯ ನಂತರ 194ನೇ ಕಲಮಿನಲ್ಲಿ ಇದಕ್ಕೆ 20,000 ರೂಪಾಯಿ ದಂಡವಿದೆ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ. ನನ್ನ ದೃಷ್ಟಿಯಲ್ಲಿ ಇವೆರಡಕ್ಕಿಂತ ಉಪಯುಕ್ತವಾದದ್ದು 115ನೇ ಕಲಂ. ರಸ್ತೆಯ ಅಥವಾ ಸೇತುವೆಯ ಸ್ಥಿತಿಯನ್ನು ನೋಡಿ ಇಂಥ ವಾಹನ ಬೇಡ, ಇಂಥ ಕಡೆ ಟ್ರೇಲರ್ ಬೇಡ ಎಂದು ನಿರ್ಬಂಧಿಸುವ ಅಧಿಕಾರ ಅದರಲ್ಲಿದೆ; ನಿರ್ಬಂಧ ಒಂದು ತಿಂಗಳೊಳಗಿನದಾದರೆ ರಾಜ್ಯಪತ್ರದ ಪ್ರಕಟಣೆಯೂ ಬೇಕಿಲ್ಲ, ಸ್ಥಳೀಯವಾಗಿ ತಿಳಿಯಪಡಿಸಿದರೆ ಸಾಕು. ಹಸಿ ಆರುವವರೆಗಿನ ಆ ಮೂರು ನಾಲ್ಕು ವಾರಗಳಿಗೆ, ಒಂದು ಟ್ರ್ಯಾಕ್ಟರಿಗೆ ಒಂದೇ ಡಬ್ಬಿ, ಅದಕ್ಕೂ ಇಷ್ಟೇ ತೂಕ ಎಂದು ಆದೇಶ ಮಾಡಲು ಇಷ್ಟು ಸಾಕಲ್ಲವೇ?

ತೂಗುವುದು ಎಲ್ಲಿ ಎಂಬ ಪ್ರಶ್ನೆಯನ್ನು ಅಧಿಕಾರಿಗಳು ಎತ್ತುತ್ತಾರೆ. ಹಳ್ಳಿಯ ರಸ್ತೆಗೆ ಕಾಟಾ ತರಬೇಕಾದ ಅಗತ್ಯವೇ ಇಲ್ಲ. ನಮ್ಮ ಪ್ರತಿಯೊಂದು ಖೇಪು ಕಾರ್ಖಾನೆಯ ಬಾಗಿಲಲ್ಲಿ ಕಿಲೊ ಲೆಕ್ಕದಲ್ಲಿ ತೂಗಲ್ಪಟ್ಟು, ವಾಹನದ ನಂಬರಿನೊಂದಿಗೆ ದಾಖಲಾಗುತ್ತದೆ. ಮಿತಿ ಮೀರಿದ ತೂಕಕ್ಕೆ ಸಾಗಾಣಿಕೆಯ ಹಣ ಸಿಗುವುದಿಲ್ಲವೆಂದಾದರೆ, ಅಂಥ ಡಬ್ಬಿ ಮಾರನೆಯ ದಿನದಿಂದಲೇ ಹೊಲದಲ್ಲಿ ಹಗುರಾಗುತ್ತದೆ. ಚಾಲಕನನ್ನು ದೂರಿ ಪ್ರಯೋಜನವಿಲ್ಲ. ದಿಬ್ಬದ ಬಳಿ ನಾನು ಕೇಳಿದಾಗ ಅವನು ಅಂದದ್ದು ಇಷ್ಟೇ: “ಟನ್ನಿನ ಮ್ಯಾಲ ರೊಕ್ಕ ಕೊಡ್ತಾರಿ ಕಾಕಾ. ಕಡಿಮಿ ಹೇರಿದ್ರ ಡೀಸೆಲ್ಲಿನ ಖರ್ಚೂ ಹುಟ್ಟೂದಿಲ್ಲ.” ಕಡಿದ ಕಬ್ಬು ದಿನದಿನಕ್ಕೆ ಒಣಗಿ ತೂಕ ಕಳೆದುಕೊಳ್ಳುವುದರಿಂದ ರೈತರಾದ ನಾವೂ “ಇನ್ನೊಂದೆರಡು ಹೊರೆ ಹಾಕ್ರಿ” ಎಂದು ಗ್ಯಾಂಗಿನವರಿಗೆ ಹೇಳುತ್ತೇವೆ. ನಾನೇ ಹೇಳಿದ್ದೇನೆ.

ಡಬ್ಬಿಗೆ ಕಡಿಮೆ ಹೇರಿ ಖೇಪು ಹೆಚ್ಚಾದರೆ ರಸ್ತೆ ಇನ್ನಷ್ಟು ಹಾಳಾಗುವುದಿಲ್ಲವೇ ಎಂದು ನನ್ನ ತಮ್ಮ ಕೇಳಿದ. ಅದೇ 24 ಟನ್ನನ್ನು ಎರಡು ಡಬ್ಬಿಗಳ ಬದಲು ಮೂರರಲ್ಲಿ, ತಲಾ 8 ಟನ್ನಿನಂತೆ ಹೇರಿದರೆ, ಆಕ್ಸಲ್ಲಿನ ಭಾರ 7 ಟನ್ನಿನಿಂದ 5ಕ್ಕೆ ಇಳಿಯುತ್ತದೆ. ನಾಲ್ಕನೇ ಘಾತದ ಲೆಕ್ಕ ಹಾಕಿದರೆ, ಡಬ್ಬಿಗಳು ಒಂದು ಹೆಚ್ಚಾದರೂ ಅವುಗಳಿಂದಾಗುವ ಒಟ್ಟು ಹಾನಿ ಮೊದಲಿನ ಅರ್ಧಕ್ಕಿಂತಲೂ ಕಡಿಮೆ. ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಅವನು ಒಪ್ಪಿದ.

ಈ ಸಲ ನನ್ನ ಮೂರು ಎಕರೆಯ ಕಬ್ಬನ್ನು ಡಬ್ಬಿಗೆ 8 ಟನ್ನಿಗೆ ಮೀರದಂತೆ ಹೇರಬೇಕೆಂದೂ, ಹೆಚ್ಚಿನ ಖೇಪಿನ ಡೀಸೆಲ್ ಹಣವನ್ನು ನಾನು ಕೊಡುವೆನೆಂದೂ ಮಾತಾಡಿದ್ದೇನೆ. ಉಪಕಾಲುವೆಯ ಸೇತುವೆ ಎಷ್ಟು ಟನ್ ತಾಳಬಲ್ಲದೆಂದು ಪರೀಕ್ಷಿಸಿ, ಅದನ್ನು ಬರೆದ ಫಲಕವನ್ನು ದಿಬ್ಬದ ಎರಡೂ ಬದಿಗೆ ನೆಡಬೇಕೆಂಬ ಅರ್ಜಿಗೆ ಇದುವರೆಗೆ ಓಣಿಯ ಹನ್ನೊಂದು ಜನ ಸಹಿ ಮಾಡಿದ್ದಾರೆ. ಅವರಲ್ಲಿ ಇಬ್ಬರು ಸ್ವಂತ ಟ್ರ್ಯಾಕ್ಟರ್ ಇಟ್ಟುಕೊಂಡು ಕಬ್ಬು ಸಾಗಿಸುವವರು.