ಪೇಟಿ ಮಾಸ್ತರಿಗೆ ಪೇಟ

ನವೆಂಬರ್ 23, 2025, ಭಾನುವಾರ
ಅಂಕೋಲಾ

ಪೇಟ ಸಡಿಲವಾಗಿತ್ತು. ಯಾರ ತಲೆಗಾದರೂ ಆಗಲಿ ಅಂತ ದೊಡ್ಡದನ್ನೇ ತಂದಿದ್ದರು ಅನಿಸುತ್ತದೆ. ಮಾಸ್ತರು ಬಗ್ಗಿ ಕೈ ಮುಗಿದಾಗ ಅದು ಕಣ್ಣಿನ ಮೇಲೆ ಇಳಿಯಿತು. ಮುಂದೆ ಕೂತಿದ್ದ ಮಕ್ಕಳು ಕಿಸಕ್ಕನೆ ನಕ್ಕರು. ಮಾಸ್ತರೂ ನಕ್ಕರು. "ಪೇಟಿಯವನಿಗೆ ಪೇಟ ಹಾಕಿದ್ರೆ ಹೀಗೇ ಆಗೂದು" ಅಂದರು ಮೈಕಿನಲ್ಲಿ. ಇಡೀ ಕಾರ್ಯಕ್ರಮದಲ್ಲಿ ಅವರು ಆಡಿದ್ದು ಅದೊಂದೇ ಮಾತು. (ಬೆಂಗಳೂರಿನಲ್ಲಿ ಕೂತು ಓದುವವರಿಗೆ: ಪೇಟಿ ಅಂದರೆ ಹಾರ್ಮೋನಿಯಂ.)

ಸನ್ಮಾನ ಪತ್ರದಲ್ಲಿ "ತಮ್ಮ ಸಿರಿಕಂಠದಿಂದ" ಅಂತ ಬರೆದಿದ್ದರು. ಮಾಸ್ತರು ಹಾಡುವುದೇ ಇಲ್ಲ. ಅವರ ದನಿ ಗೊಗ್ಗರು, ಅದು ಅವರಿಗೂ ಗೊತ್ತು. ಅವರು ರಾಗ ಹಾಕುತ್ತಾರೆ, ಅಷ್ಟೇ. ನನ್ನ ಪಕ್ಕ ಕೂತಿದ್ದ ಹೆಂಗಸು ಮೆಲ್ಲಗೆ ಕೇಳಿದರು, "ಪದ್ಯ ದಿನಕರ ದೇಸಾಯಿಯವರದ್ದು, ಹಾಡಿದ್ದು ಮಕ್ಕಳು. ಹಾಗಾದ್ರೆ ಇವರದ್ದೆಂತದು?" ರಾಗ ಹಾಕಿದ್ದು ಇವರು ಅಂದೆ. "ಓ, ಅದಕ್ಕೂ ಜನ ಬೇಕಾ?" ಅಂದರು. ಆಗ ಸಿಟ್ಟು ಬಂದಿತ್ತು. ಈಗ ಬರೆಯುವಾಗ ಅವರು ಕೇಳಿದ್ದು ಸರಿಯೇ ಅನಿಸುತ್ತಿದೆ.

ಸಿಟ್ಟು ನಿಜವಾಗಿ ಬಂದದ್ದು ಆಮೇಲೆ. ಮಕ್ಕಳು ಎರಡನೇ ಹಾಡಿಗೆ ನಿಂತರು. ನಿರೂಪಕರು ಚೀಟಿ ನೋಡಿ, "ದಿನಕರ ದೇಸಾಯಿಯವರ ಚುಟುಕ, ಜಾನಪದ ಧಾಟಿಯಲ್ಲಿ" ಅಂದರು. ನಾನು ಎದ್ದು ನಿಲ್ಲುವವಳಿದ್ದೆ. ಅದು ಮಾಸ್ತರ ರಾಗ. ನಾನು ಐದನೇ ಕ್ಲಾಸಿನಲ್ಲಿ ಅವರ ಪೇಟಿಯ ಎದುರು ಕೂತು ಕಲಿತದ್ದು. ಹತ್ತು ನಿಮಿಷದ ಹಿಂದೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಈಗ ಅವರ ಎದುರಿಗೇ ಅವರ ರಾಗ ಊರಿನದ್ದು! ವೇದಿಕೆಯ ಮೇಲೆ ಮಾಸ್ತರು ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳಾಡಿಸುತ್ತಿದ್ದರು. ಅವರಿಗೆ ಕೇಳಿಸಿತೋ ಇಲ್ಲವೋ. ಎಡಗಿವಿ ಪೂರ್ತಿ ಹೋಗಿದೆ.

ಮಗಳ ಮನೆಗೆ ಬಿಡಲು ಮಾದನಗೇರಿಗೆ ಹೊರಟಾಗ ಏಳೂವರೆ. ಪೇಟ ಹಿಂದಿನ ಸೀಟಿನಲ್ಲಿ, ಬಾಳೆಹಣ್ಣಿನ ಜೊತೆ. ಶಿರೂರು ಬಂತು. ಕಳೆದ ವರ್ಷ ಜುಲೈ 16ಕ್ಕೆ ಗುಡ್ಡ ಕುಸಿದ ಮೇಲೆ ಆ ಜಾಗದಲ್ಲಿ ಕಾರಿನೊಳಗೆ ಯಾರೂ ಮಾತಾಡುವುದಿಲ್ಲ. ಇವತ್ತೂ ಸುಮ್ಮನಾದೆವು. ದಾಟಿದ ಮೇಲೆ ನಾನೇ ಶುರು ಮಾಡಿದೆ.

"ಮಾಸ್ತರೇ, ಅವರು ಜಾನಪದ ಅಂದ್ರಲ್ಲ."

"ಕೇಳ್ತು."

"ನೀವು ಹೇಳಬೇಕಿತ್ತು."

ಅದಕ್ಕೆ ಉತ್ತರ ಇಲ್ಲ. ಸ್ವಲ್ಪ ಹೊತ್ತಿಗೆ, "ಮೂರನೇ ಸಾಲಲ್ಲಿ ಮಕ್ಕಳು ಏನು ಮಾಡಿದ್ರು, ಗಮನಿಸಿದ್ಯಾ ತಂಗಿ?" ಅಂದರು.

ಇಲ್ಲ, ಗಮನಿಸಿರಲಿಲ್ಲ. ನಾನು ಸಿಟ್ಟು ಮಾಡಿಕೊಳ್ಳುವುದರಲ್ಲೇ ಇದ್ದೆ.

ಆಮೇಲೆ ಅವರು ಹೇಳಿದ್ದನ್ನು ಆದಷ್ಟು ಹಾಗೇ ಬರೆದಿಡುತ್ತೇನೆ. ಚುಟುಕಕ್ಕೆ ರಾಗ ಹಾಕುವುದು ಭಾರೀ ಕಷ್ಟವಂತೆ. ಇರುವುದೇ ನಾಲ್ಕು ಸಾಲು. ಪಲ್ಲವಿ ಎಲ್ಲಿಡುವುದು? ಮೊದಲ ಸಾಲಿಗೆ ತಿರುಗಿ ತಿರುಗಿ ಬಂದರೆ ಭಜನೆಯಾಗುತ್ತದೆ. ನಾಲ್ಕನೆಯದನ್ನು ಪಲ್ಲವಿ ಮಾಡಿದರೆ ಗುಟ್ಟು ಮೊದಲೇ ಬಿಟ್ಟುಕೊಟ್ಟ ಹಾಗೆ, ದೇಸಾಯಿಯವರು ಕುಟುಕುವುದು ಅಲ್ಲೇ ಅಲ್ವಾ? ಅದಕ್ಕೆ ಮಾಸ್ತರು ಮೊದಲ ಎರಡು ಸಾಲನ್ನು ಎರಡೆರಡು ಸಲ ಹಾಡಿಸುತ್ತಿದ್ದರು. ಮೂರನೆಯದು ಮೇಲಿನ ಷಡ್ಜಕ್ಕೆ, ಅಂದರೆ ಮೇಲಿನ ಸಾಕ್ಕೆ, ಏರಿ ಇಳಿಯಬೇಕು. ನಾಲ್ಕನೆಯದನ್ನು ಹಾಡಬಾರದು, ಹೇಳಬೇಕು. ಪೇಟಿಯೂ ಅಲ್ಲಿ ಸುಮ್ಮನಾಗುತ್ತಿತ್ತು.

ರಾಗ ದೇಶ್. ಇಳಿಯುವಾಗ ಕೋಮಲ ನಿಷಾದ (ತಗ್ಗಿಸಿದ ನಿ) ಬರಬೇಕು. ಮೂರನೇ ಸಾಲಿನಲ್ಲಿ ಮಾಸ್ತರು ಗಾಂಧಾರ (ಗ) ಇಟ್ಟಿರಲಿಲ್ಲ. ಇವತ್ತು ಮಕ್ಕಳು ನಿಷಾದವನ್ನೂ ಹಾರಿಸಿ, ಸಾದಿಂದ ನೇರ ಧಕ್ಕೆ ಬಂದು ಪ, ಮ, ರೆ ಅಂತ ಇಳಿದುಬಿಟ್ಟರು. "ದುರ್ಗಾ ಆಗಿಹೋಯ್ತು ನೋಡು" ಅಂದರು. ದುರ್ಗಾ ಬೇರೆಯೇ ರಾಗ. ತಪ್ಪು ಹಿಡಿಯುತ್ತಿದ್ದಾರೆ ಅಂದುಕೊಂಡೆ. ಅಲ್ಲ. "ಚಲೋ ಆಗಿದೆ ತಂಗಿ. ನಂಗೇ ಹೊಳೆದಿರ್ಲಿಲ್ಲ. ಸಣ್ಣ ಮಕ್ಕಳಿಗೆ ಆ ನಿಷಾದ ಕಷ್ಟ. ಯಾವ ವರ್ಷದ ಮಕ್ಕಳು ಬಿಟ್ರೋ ಏನೋ."

ಆ ಮಕ್ಕಳಿಗೆ ಕಲಿಸಿದ ಅಕ್ಕೋರು ಅದನ್ನು ಅವರ ಅಕ್ಕೋರಿಂದ ಕಲಿತವರು. ಯಾರೂ ಬರೆದಿಟ್ಟಿಲ್ಲ. ಬಡಗೇರಿಯ ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಈ ಫೆಬ್ರುವರಿಯಲ್ಲಿ ತೀರಿಕೊಂಡಾಗ ಎಲ್ಲರೂ ಬರೆದರು, ಎಷ್ಟೊಂದು ಹಾಡು ಅವರ ಬಾಯಲ್ಲಿತ್ತು ಅಂತ. ಅವನ್ನು ಮೊದಲು ಕಟ್ಟಿದವರು ಯಾರು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವರಲ್ಲೂ ಒಬ್ಬಳಿಗೆ ನಮ್ಮ ಮಾಸ್ತರ ಹಾಗೆ ಒಂದು ಸಾಲು ರಾತ್ರಿಯೆಲ್ಲ ಕಾಡಿರಬಹುದು.

ಆದರೂ ನನಗೆ ಸಮಾಧಾನ ಇಲ್ಲ. ಮಾಸ್ತರು ಬದುಕಿದ್ದಾರೆ. ನನ್ನ ಪಕ್ಕದ ಸೀಟಿನಲ್ಲೇ ಕೂತಿದ್ದರು.

ರೇಡಿಯೋಗೆ ಯಾಕೆ ಹೋಗಲಿಲ್ಲ ಅಂತ ಕೇಳಿದೆ. ಇದನ್ನು ಎಷ್ಟನೇ ಸಲ ಕೇಳುತ್ತಿದ್ದೇನೋ. ಆಕಾಶವಾಣಿಯಲ್ಲಿ 1940ರಿಂದ ಪೇಟಿಗೆ ಬಾಗಿಲು ಮುಚ್ಚಿತ್ತು. ಅದರಲ್ಲಿ ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಬರುವುದಿಲ್ಲ, ಸ್ವರ ಮನೆ ಮನೆಯಾಗಿ ನಿಂತುಬಿಡುತ್ತದೆ ಅನ್ನುವ ದೂರು. 1971ರಲ್ಲಿ ಸ್ವಲ್ಪ ಸಡಿಲ ಮಾಡಿದರು. ಮಾಸ್ತರಿಗೆ ಇದರಲ್ಲಿ ಒಂದು ಹಳೇ ಜೋಕಿದೆ. ಟಾಗೋರರೂ ಪೇಟಿ ಬೇಡ ಅಂತ 1940ರಲ್ಲಿ ಕಲ್ಕತ್ತಾ ಕೇಂದ್ರಕ್ಕೆ ಪತ್ರ ಬರೆದವರು. "1883ರಲ್ಲಿ ಕಾರವಾರಕ್ಕೆ ಬಂದು, ಅಣ್ಣನ ಮನೆಯಲ್ಲಿ ಉಳಿದು, ನಾಟಕ ಬರೆದ್ರು. ನಮ್ಮ ಕಡಲಿಗೆ ಅವರ ಹೆಸರಿಟ್ಟೆವು. ಅವರು ನಮ್ಮ ಪೇಟಿಯನ್ನೇ ಹೊರಗೆ ಹಾಕಿಸಿದ್ರು!" ಪ್ರತಿ ಸಲ ಇಲ್ಲಿ ಜೋರಾಗಿ ನಗುತ್ತಾರೆ. ಇವತ್ತು ನಗಲಿಲ್ಲ. ನಿದ್ದೆ ಬಂದಿತ್ತೇನೋ.

ಇಳಿಯುವಾಗ ಪೇಟ ನನ್ನ ಕೈಗೆ ಕೊಟ್ಟು, "ನಿನ್ನ ಮಗನಿಗೆ ಕೊಡು, ಛದ್ಮವೇಷಕ್ಕೆ ಬರ್ತದೆ" ಅಂದರು. ಶಾಲು ಮಾತ್ರ ಇಟ್ಟುಕೊಂಡರು. ಚಳಿ ಜಾಸ್ತಿಯಾಗುತ್ತಿದೆ ಈಗ.

ಮನೆಗೆ ಬಂದು ಅನ್ನಕ್ಕೆ ಇಟ್ಟು, ಕಪಾಟಿನಿಂದ ಆ ನೋಟ್‌ಬುಕ್ ತೆಗೆದೆ. ಇನ್ನೂರು ಪುಟದ್ದು. ಎಲ್ಲ ರಾಗ ಸ್ವರ ಹಾಕಿ ಬರೆಯುತ್ತೇನೆ ಅಂತ 2019ರಲ್ಲಿ ಮಾತು ಕೊಟ್ಟಿದ್ದೆ. ಹನ್ನೊಂದು ಹಾಡು ಬರೆದಿದ್ದೇನೆ. ಆಮೇಲೆ ಹುಬ್ಬಳ್ಳಿಗೆ ವರ್ಗ, ಕೊರೊನಾ, ಅತ್ತೆಯ ಕಾಯಿಲೆ. ಕಾರಣ ಬೇಕಾದಷ್ಟಿವೆ. ನಿರೂಪಕರ ಮೇಲೆ ಸಿಟ್ಟು ಮಾಡಿಕೊಂಡೆನಲ್ಲ, ಅವರ ಚೀಟಿಯಲ್ಲಿ ಹೆಸರು ಬರಲು ಮೊದಲು ಎಲ್ಲಾದರೂ ಬರೆದಿರಬೇಕಿತ್ತು.

ಹನ್ನೆರಡನೆಯದಾಗಿ ಇವತ್ತಿನ ಹಾಡನ್ನೇ ಶುರು ಮಾಡಿದೆ. ಮೇಲೆ ಮಾಸ್ತರ ಹೆಸರು, ರಾಗ ದೇಶ್, ತಾಳ ದಾದರಾ. ಎರಡು ಸಾಲು ಸಲೀಸಾಗಿ ಬಂತು. ಮೂರನೆಯದಕ್ಕೆ ಬಂದು ಕೂತಿದ್ದೇನೆ. ನಿಷಾದ ಬರೆಯಲೋ ಬಿಡಲೋ? ಬರೆದರೆ ಅವರು ಹಾಕಿದ ರಾಗ. ಬಿಟ್ಟರೆ ಅವರಿಗೆ ಇವತ್ತು ಇಷ್ಟವಾದ ರಾಗ. ಬಿಟ್ಟರೆ ಮೇಲೆ ಹೆಸರು ಯಾರದ್ದು ಬರೆಯಲಿ?

ನಾಳೆ ಫೋನ್ ಮಾಡಿ ಕೇಳಬೇಕು. ಬಲಗಿವಿಗೆ ಹಿಡಿದುಕೊಳ್ಳಿ ಅಂತ ಮಗಳಿಗೆ ಮೊದಲೇ ಹೇಳಬೇಕು, ಇಲ್ಲದಿದ್ದರೆ ಎಲ್ಲದಕ್ಕೂ ಹೂಂ ಹೂಂ ಅಂತಾರೆ.