ಕುದಿಸಿದರೂ ಇಳಿಯದ ಟಿಎನ್‌ಎಫ್

ಲ್ಯಾಬ್ ಸೇರಿದ ಮೊದಲ ವರ್ಷದ ಮಾತು. ಸತ್ತ ಜೀವಕೋಶಗಳಿಂದ ಹೊರಬೀಳುವ ಒಂದು ಪ್ರೋಟೀನ್ ಉರಿಯೂತ ಎಬ್ಬಿಸುತ್ತದೆಯೇ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಅದನ್ನು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಿಸಿ, ಶುದ್ಧ ಮಾಡಿ, ಮ್ಯಾಕ್ರೋಫೇಜ್‌ಗಳಿಗೆ, ಅಂದರೆ ರೋಗಾಣುಗಳನ್ನು ನುಂಗುವ ರಕ್ಷಣಾ ಕೋಶಗಳಿಗೆ, ಹಾಕಿದೆ. ಮರುದಿನ ಎಲೈಸಾ (ಪ್ರೋಟೀನ್ ಎಷ್ಟಿದೆ ಎಂದು ಬಣ್ಣದಿಂದ ಅಳೆಯುವ ಪರೀಕ್ಷೆ) ಪ್ಲೇಟ್ ತುಂಬಾ ಹಳದಿ. ಡೋಸ್ ಏರಿಸಿದಷ್ಟೂ ಟಿಎನ್‌ಎಫ್, ಅಂದರೆ ಕೋಶಗಳು ಹೊರಬಿಡುವ ಉರಿಯೂತದ ಸಂಕೇತ ಪ್ರೋಟೀನ್, ಏರುತ್ತಿತ್ತು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಖುಷಿಯಲ್ಲಿ ನಿದ್ದೆಯೇ ಬರಲಿಲ್ಲ.

ಲ್ಯಾಬ್ ಮೀಟಿಂಗ್‌ನಲ್ಲಿ ಹಿರಿಯರೊಬ್ಬರು ಕೇಳಿದರು: "ಕುದಿಸಿ ಹಾಕಿ ನೋಡಿದ್ರಾ?"

ನೋಡಿರಲಿಲ್ಲ. ಅವತ್ತೇ ಕುದಿಸಿದೆ. ಕುದಿಸಿದರೆ ಪ್ರೋಟೀನಿನ ಆಕಾರ ಕೆಡುತ್ತದೆ, ಅದರ ಕೆಲಸ ನಿಲ್ಲಬೇಕು ಅಲ್ವಾ? ಟಿಎನ್‌ಎಫ್ ಇಳಿಯಲೇ ಇಲ್ಲ. ಪಾಲಿಮಿಕ್ಸಿನ್ ಬಿ ಎಂಬ ಆಂಟಿಬಯೋಟಿಕ್ ಸೇರಿಸಿದಾಗ ಬಹುಪಾಲು ಮಾಯವಾಯಿತು. ಕೋಶಗಳನ್ನು ಕೆರಳಿಸಿದ್ದು ಇ. ಕೋಲೈನ ಹೊರಪೊರೆಯ ಎಲ್‌ಪಿಎಸ್, ಅಂದರೆ ಎಂಡೋಟಾಕ್ಸಿನ್. ಕುದಿಸಿದರೂ ಅದು ಉಳಿಯುತ್ತದೆ, ಪಾಲಿಮಿಕ್ಸಿನ್ ಅದಕ್ಕೆ ಅಂಟಿಕೊಂಡು ಕಟ್ಟಿಹಾಕುತ್ತದೆ.

ಶುದ್ಧತೆ ನೋಡಲು ಪ್ರೋಟೀನ್‌ಗಳನ್ನು ಬೇರ್ಪಡಿಸುವ ಜೆಲ್‌ನಲ್ಲಿ ಒಂದೇ ಬ್ಯಾಂಡ್ ಇತ್ತು. ಅದನ್ನೇ ನಂಬಿದ್ದೆ. ಆದರೆ ಜೆಲ್‌ಗೆ ಹಾಕುವ ಕೂಮಾಸಿ ಬಣ್ಣ ಹಿಡಿಯುವುದು ಪ್ರೋಟೀನನ್ನು. ಎಲ್‌ಪಿಎಸ್ ಕೊಬ್ಬು ಮತ್ತು ಸಕ್ಕರೆ ಸೇರಿದ ಅಣು, ಅಲ್ಲಿ ಕಾಣಿಸುವುದಿಲ್ಲ. ಮಿಲಿಲೀಟರಿಗೆ 1 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೂ ಮ್ಯಾಕ್ರೋಫೇಜ್‌ಗೆ ಗೊತ್ತಾಗಿಬಿಡುತ್ತದೆ. ಅದನ್ನು ಗುರುತಿಸುವುದು ಕೋಶದ ಮೇಲಿನ ಟಿಎಲ್‌ಆರ್4 ಎಂಬ ಗ್ರಾಹಕ ಪ್ರೋಟೀನ್. ಎಲ್‌ಪಿಎಸ್‌ಗೆ ಪ್ರತಿಕ್ರಿಯಿಸದ ಇಲಿಗಳಲ್ಲಿ ಕೆಟ್ಟಿದ್ದು ಇದರದೇ ಜೀನ್ ಎಂದು ಬ್ರೂಸ್ ಬಾಯ್ಟ್ಲರ್ ತಂಡ 1998ರಲ್ಲಿ ತೋರಿಸಿತು. 2011ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಇಷ್ಟು ಚುರುಕಾದ ಕಾವಲಿನ ಮುಂದೆ ನಾನು ಕೊಳೆಯಾದ ಸ್ಯಾಂಪಲ್ ಇಟ್ಟಿದ್ದೆ.

ಎಂಡೋಟಾಕ್ಸಿನ್ ತೆಗೆದು ಮತ್ತೆ ಹಾಕಿದೆ. ಟಿಎನ್‌ಎಫ್ ಪ್ರೋಟೀನ್ ಹಾಕದ ಕಂಟ್ರೋಲ್‌ನಷ್ಟೇ ಬಂತು. ತುಂಬಾ ನೋವಾಯಿತು, ನಿಜ. ಹೀಟ್ ಶಾಕ್ ಪ್ರೋಟೀನ್‌ಗಳು (ಶಾಖದಂಥ ಒತ್ತಡದಲ್ಲಿ ಕೋಶಗಳು ಹೆಚ್ಚಾಗಿ ತಯಾರಿಸುವ ಪ್ರೋಟೀನ್‌ಗಳು) ಉರಿಯೂತ ಎಬ್ಬಿಸುತ್ತವೆ ಎಂಬ ಎಷ್ಟೋ ಹಳೆಯ ವರದಿಗಳ ಹಿಂದೆಯೂ ಇದೇ ಕಲಬೆರಕೆ ಇತ್ತು ಎಂದು ಆಮೇಲೆ ಓದಿದೆ.

ಹೊಸದಾಗಿ ಈ ಕೆಲಸಕ್ಕೆ ಬಂದವರಿಗೆ ಒಂದು ಮಾತು. ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಬಿಸಿ) ಮಾಡಿದ್ದೇವೆ ಎಂದು ಸುಮ್ನೆ ಇರಬೇಡಿ. 121 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಸಾಯುತ್ತದೆ, ಎಂಡೋಟಾಕ್ಸಿನ್ ಉಳಿಯುತ್ತದೆ. ಗಾಜಿನ ಸಾಮಾನನ್ನು 250 ಡಿಗ್ರಿ ಒಣ ಶಾಖದಲ್ಲಿ ಅರ್ಧ ಗಂಟೆ ಇಡಬೇಕು. ಪಾಲಿಮಿಕ್ಸಿನ್ ಒಂದನ್ನೇ ನಂಬುವುದೂ ಸಾಲದು. ಬ್ಯಾಕ್ಟೀರಿಯಾದ ಲಿಪೋಪ್ರೋಟೀನ್‌ಗಳು ಟಿಎಲ್‌ಆರ್2 ಎಂಬ ಇನ್ನೊಂದು ಗ್ರಾಹಕದ ಮೂಲಕ ಕೆರಳಿಸುತ್ತವೆ, ಅವನ್ನು ಅದು ತಡೆಯುವುದಿಲ್ಲ. ಸಾಧ್ಯವಿದ್ದರೆ ಟಿಎಲ್‌ಆರ್4 ಇಲ್ಲದ ಇಲಿಯ ಕೋಶಗಳಲ್ಲೂ ನೋಡಿ.

ಈಗ ನಾನು ಪ್ರತಿ ಬ್ಯಾಚ್‌ಗೂ, ಜೊತೆಗೆ ಅದರ ಬಫರ್‌ಗೂ, ಎಂಡೋಟಾಕ್ಸಿನ್ ಅಳೆಯುವ ಎಲ್‌ಎಎಲ್ ಪರೀಕ್ಷೆ ಮಾಡುತ್ತೇನೆ. ಅದರ ಅಂಕಿ ಬರುವ ತನಕ ಕೋಶಗಳ ಪ್ಲೇಟ್ ಹೊರಗೆ ತೆಗೆಯುವುದಿಲ್ಲ.